ಪಾನಿಪುರಿ ಗಾಡಿಗೆ ಎಷ್ಟು ಸಾಲ ಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೈಕ್ರೋ ಫೈನಾನ್ಸ್ ಸಾಲದ್ದೇ. ಮನೆ ಸಾಲ, ಚಿನ್ನದ ಸಾಲ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಗ್ರಾಮೀಣ ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಬಹುಪಾಲು ವರ್ಷ ಬಂಗಾರಪೇಟೆ, ಮುಳಬಾಗಿಲು, ಕೋಲಾರದ ಸುತ್ತಲೇ ಮೊಪೆಡ್ ಓಡಿಸಿದ್ದೇನೆ. ಈಗಲೂ ಕೋಲಾರದಲ್ಲೇ ಇದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಕೋಲಾರದಲ್ಲಿ ಬಂಗಾರಪೇಟೆ ಪಾನಿಪುರಿ ಗಾಡಿ. ಎರಡು ವರ್ಷದ ಹಿಂದೆ ಮೈಕ್ರೋ ಫೈನಾನ್ಸ್ ಸಂಘದಲ್ಲಿ 30,000 ತೆಗೆದುಕೊಂಡೆ. ತಿಂಗಳಿಗೆ 1,586 ಕಂತು, ಒಂದೂ ತಪ್ಪಿಸಿಲ್ಲ. ಮುಂದಿನ ತಿಂಗಳು ಮುಗಿಯುತ್ತೆ. ಈಗ ಕಂಪನಿಯ ಹುಡುಗ 60,000 ಕೊಡ್ತೀವಿ, ಸಹಿ ಹಾಕಿದರೆ ವಾರದೊಳಗೆ ಖಾತೆಗೆ ಬರುತ್ತೆ ಅಂತಿದ್ದಾನೆ. ನನ್ನ ಮೈದುನನಿಗೆ ಕಾಲೇಜಿನ ಹತ್ತಿರ ಇನ್ನೊಂದು ಗಾಡಿ ಹಾಕಿಕೊಡೋಣ ಅಂತ ಯಜಮಾನರ ಆಸೆ. ಗಾಡಿಗೆ 38,000 ಆಗುತ್ತಂತೆ. ನನಗೆ ಒಳಗೊಳಗೇ ಭಯ. ತೆಗೆದುಕೊಳ್ಳಲಾ, ಬೇಡವಾ? ಲೆಕ್ಕ ಹಿಂದುಗಡೆ ಬರೆದಿದ್ದೇನೆ.
— ಹೆಸರು ಹಾಕಬೇಡಿ ಎಂದಿದ್ದಾರೆ, ಕೋಲಾರ

ಉತ್ತರ: ತಂಗೀ, ಮೊದಲು ನಿಮ್ಮ ಲೆಕ್ಕಕ್ಕೆ ಒಂದು ಶಹಬ್ಬಾಸ್. ಮಗಳ ನೋಟ್‌ಬುಕ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೀರಿ. ಸೀಲು ಒತ್ತಿ ಸಹಿ ಹಾಕಿದ ಲೆಕ್ಕಗಳನ್ನು ಬೇಕಾದಷ್ಟು ನೋಡಿದ್ದೇನೆ, ಇಷ್ಟು ನಿಜ ಅವುಗಳಲ್ಲಿ ಇರುತ್ತಿರಲಿಲ್ಲ.

ಮಿಕ್ಕ ಓದುಗರಿಗಾಗಿ ಅದನ್ನು ಇಲ್ಲಿ ಹೇಳುತ್ತೇನೆ. 30,000ದಲ್ಲಿ 9,000 ಪುರಿ ಅಂಗಡಿಯ ಹಳೇ ಬಾಕಿಗೆ ಹೋಯಿತು. 12,000ದಲ್ಲಿ ಗಾಡಿಗೆ ಹೊಸ ತಗಡು, ಒಲೆ, ಎರಡು ಸ್ಟೀಲ್ ಕೊಳಗ. ಉಳಿದ 9,000 ಮಗಳ ಕಾಲೇಜು ಫೀಸು. ಆದರೆ ಅರ್ಜಿಯಲ್ಲಿ ಮಾತ್ರ 'ಹಸು ಖರೀದಿ' ಅಂತ ಇದೆಯಂತೆ! 'ನಮ್ಮ ಮನೇಲಿ ಹಸು ಕಟ್ಟೋಕೆ ಜಾಗನೇ ಇಲ್ಲ ಮೇಡಂ' ಅಂತ ಬರೆದಿದ್ದೀರಿ. ಓದಿ ನಕ್ಕುಬಿಟ್ಟೆ. ನಮ್ಮ ಜಿಲ್ಲೆಯಲ್ಲಿ ಕಾಗದದ ಮೇಲೆ ಕೊಂಡ ಹಸುಗಳೆಲ್ಲ ಹಾಲು ಕೊಟ್ಟಿದ್ದರೆ ಡೇರಿಯವರು ಕ್ಯಾನು ಸಾಲದೆ ಬಿಂದಿಗೆ ಹಿಡಿಯಬೇಕಾಗುತ್ತಿತ್ತು.

ಈಗ ಪುರಿ ಅಂಗಡಿಗೆ ಹೋದ ಆ 9,000ದ ಕಡೆ ನೋಡೋಣ. ನೀವು ಅದನ್ನು 'ಹಳೇ ಬಾಕಿ ತೀರಿತು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಕಣ್ಣು ನಿಂತಿದ್ದು ಅಲ್ಲೇ. ಮೊದಲು ಪುರಿ ಉದ್ರಿ ತರುತ್ತಿದ್ದಿರಿ. ಉದ್ರಿ ಅಂದಮೇಲೆ ಅವರು ಹೇಳಿದ್ದೇ ರೇಟು, ಕೊಟ್ಟಿದ್ದೇ ಪುರಿ. ಒಡೆದ ಪುರಿ ಬಂದರೂ ಬಾಯಿ ಬಿಡೋ ಹಾಗಿಲ್ಲ. ನೂರು ಪುರಿಯ ಪ್ಯಾಕೆಟ್ಟಿಗೆ ನಗದಿನ ರೇಟಿಗಿಂತ 8 ರೂಪಾಯಿ ಜಾಸ್ತಿ ಹಾಕುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ದಿನಕ್ಕೆ 8 ಪ್ಯಾಕೆಟ್. ಅಂದರೆ ದಿನಕ್ಕೆ 64 ರೂಪಾಯಿ. ತಿಂಗಳಿಗೆ 26 ದಿನ ಗಾಡಿ ಹಾಕಿದರೆ 1,664. ನಿಮ್ಮ ಕಂತು ಎಷ್ಟು? 1,586. ಬಾಕಿ ತೀರಿಸಿ ನಗದು ಕೊಡಲು ಶುರು ಮಾಡಿದ ದಿನದಿಂದ ಕಂತಿನ ದುಡ್ಡು ಅಲ್ಲಿಂದಲೇ ಹುಟ್ಟಿದೆ. ವ್ಯಾಪಾರ ಒಂದು ಪ್ಲೇಟೂ ಜಾಸ್ತಿ ಆಗದಿದ್ದರೂ ಸಾಲ ತೀರುತ್ತಿತ್ತು.

ಸಣ್ಣ ಸಾಲ ಸಣ್ಣ ವ್ಯಾಪಾರವನ್ನು ಎತ್ತುವುದು ನಾನು ಕಂಡ ಹಾಗೆ ಬಹಳ ಸಲ ಈ ದಾರಿಯಲ್ಲೇ. ಹೊಸ ಅಂಗಡಿ, ಹೊಸ ಬೋರ್ಡು ಎಲ್ಲ ಫೋಟೋಕ್ಕೆ ಚೆನ್ನಾಗಿರುತ್ತೆ. ಆದರೆ ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ಬಾಕ್ಸ್ ಎತ್ತುವ ಗಾಡಿ ವ್ಯಾಪಾರಿಯನ್ನು ಕೇಳಿ. ಕೈಯಲ್ಲಿ ದುಡ್ಡಿದ್ದವನು ಹರಾಜಿನ ಮುಂದೆ ನಿಲ್ಲುತ್ತಾನೆ. ಇಲ್ಲದವನು ಸಾಲ ಕೊಟ್ಟ ಮಂಡಿಯಲ್ಲೇ, ಅವರು ಕೊಟ್ಟ ಮಾಲನ್ನೇ, ಅವರ ರೇಟಿಗೇ ತರಬೇಕು. ಬೆಳಿಗ್ಗೆ 900 ಕೊಟ್ಟು ಸಂಜೆ 1,000 ಕಿತ್ತುಕೊಳ್ಳುವವರೂ ಅಲ್ಲೇ ನಿಂತಿರುತ್ತಾರೆ. ಅವರಿಂದ ಬಿಡಿಸಿಕೊಂಡರೆ ಅದೇ ದೊಡ್ಡ ಲಾಭ.

ಹಾಗಾದರೆ 60,000? ಇದು ಬೇರೆ ಕತೆ. ಬಿಡಿಸಿಕೊಳ್ಳುವ ಉದ್ರಿ ಈಗ ಇಲ್ಲ. ಹೊಸ ಜಾಗ, ಹೊಸ ಗಿರಾಕಿ, ಹೊಸ ಕೈ. ಪಾನಿಪುರಿಯಲ್ಲಿ ಕೈ ಅನ್ನೋದು ಸುಮ್ನೆ ಮಾತಲ್ಲ. ನಮ್ಮ ಬಂಗಾರಪೇಟೆ ಪಾನಿ ನೋಡೋಕೆ ಬರೀ ನೀರಿನ ಹಾಗೆ ತಿಳಿ. ಹಸಿರು ಇಲ್ಲ, ಬಣ್ಣ ಇಲ್ಲ. ಬಾಯಿಗೆ ಹಾಕಿದಾಗಲೇ ಅದರ ಖಾರ ಗೊತ್ತಾಗೋದು. ಆ ಹದ ನಿಮ್ಮ ಕೈಗೆ ಬಂದಿದೆ, ಮೈದುನನ ಕೈಗೆ ಬಂದಿದೆಯಾ? ಪತ್ರದಲ್ಲಿ ಅದಿಲ್ಲ.

ಇಲ್ಲಿ ಒಂದು ಅಧ್ಯಯನದ ವಿಷಯ ಹೇಳಬೇಕು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅಂತ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರೂ ಅವರ ಜೊತೆಯವರೂ ಹೈದರಾಬಾದಿನ ಬಡವರ ಬಡಾವಣೆಗಳಲ್ಲಿ ಮೈಕ್ರೋ ಫೈನಾನ್ಸ್ ಬಂದ ಕಡೆ, ಬಾರದ ಕಡೆ ಎರಡನ್ನೂ ಹೋಲಿಸಿ ನೋಡಿದರು. ಮೊದಲೇ ವ್ಯಾಪಾರ ಇದ್ದವರು ಸಾಲದಿಂದ ಇನ್ನಷ್ಟು ಬಂಡವಾಳ ಹಾಕಿದ್ದರು. ಆದರೆ ಸರಾಸರಿ ಮನೆಯ ಖರ್ಚುವೆಚ್ಚ ನೋಡಿದರೆ ಅಂಥ ಏರಿಕೆ ಇರಲಿಲ್ಲ. ನನ್ನ ಮೊಪೆಡ್ ಅನುಭವವೂ ಅದನ್ನೇ ಹೇಳುತ್ತೆ. ಓಡುವ ಗಾಡಿಯನ್ನು ಸಾಲ ಜೋರಾಗಿ ಓಡಿಸುತ್ತೆ. ಗಾಡಿಯೇ ಗೊತ್ತಿಲ್ಲದವನನ್ನು ಅದು ವ್ಯಾಪಾರಿ ಮಾಡೋದು ಅಪರೂಪ.

ಇನ್ನೊಂದು ಕೇಳಲೇಬೇಕು. ಗಾಡಿಗೆ 38,000 ಅಂದಿರಿ. ಸಾಲ 60,000. ಉಳಿದ 22,000 ಯಾತಕ್ಕೆ? ಅದನ್ನು ಬರೆದೇ ಇಲ್ಲ. ಯಾತಕ್ಕೆ ಅಂತ ಗೊತ್ತಿಲ್ಲದ ದುಡ್ಡು ಮನೆಗೆ ಬಂದರೆ ಅದಕ್ಕೆ ದಾರಿ ತಾನೇ ಗೊತ್ತಾಗುತ್ತೆ.

ನನ್ನ ಸಲಹೆ ಕೇಳಿ. ಮುಂದಿನ ತಿಂಗಳು ಹಳೇ ಸಾಲ ಮುಗಿಸಿ. ತಕ್ಷಣ ಹೊಸ ಸಹಿ ಬೇಡ. ಒಂದು ಹಾಲಿನಪುಡಿ ಡಬ್ಬಿ ತೆಗೆದುಕೊಂಡು ಮುಚ್ಚಳಕ್ಕೆ ಸೀಳು ಹಾಕಿ. 60,000ಕ್ಕೆ ಅದೇ ಬಡ್ಡಿ, ಅದೇ 24 ತಿಂಗಳಾದರೆ ಕಂತು 3,172 ಆಗುತ್ತೆ. 26 ದಿನಕ್ಕೆ ಹಂಚಿದರೆ ದಿನಕ್ಕೆ 122. ಈಗ ನೀವು ಕಟ್ಟುತ್ತಿರುವುದು ದಿನಕ್ಕೆ 61ರ ಲೆಕ್ಕ. ಎರಡು ತಿಂಗಳು ದಿನಾ 122 ಆ ಡಬ್ಬಿಗೆ ಹಾಕಿ ನೋಡಿ. ಸೆಪ್ಟೆಂಬರ್, ಅಕ್ಟೋಬರ್ ಆದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಮಳೆ ಹಿಡಿದುಕೊಳ್ಳೋದೇ ಆಗ, ಸಂಜೆ ಮಳೆ ಬಂದರೆ ಪಾನಿಪುರಿ ಯಾರು ತಿಂತಾರೆ? ಆ ತಿಂಗಳಲ್ಲೂ ಡಬ್ಬಿಗೆ ಕೈ ಹಾಕದೆ ಇದ್ದರೆ ನಿಮಗೆ ತಾಕತ್ತಿದೆ. ಎರಡು ತಿಂಗಳಿಗೆ 6,344 ರೂಪಾಯಿಯೂ ಸೇರಿರುತ್ತೆ. ಅಷ್ಟರೊಳಗೆ ಮೈದುನ ನಿಮ್ಮ ಗಾಡಿಯಲ್ಲೇ ನಿಂತು ಪಾನಿ ಕಲಸಲಿ. ಗಿರಾಕಿ 'ಅಕ್ಕ ಎಲ್ಲಿ?' ಅಂತ ಕೇಳೋದು ನಿಲ್ಲಿಸಿದ ದಿನ ಅವನು ತಯಾರು. ಆಮೇಲೆ 30,000 ತೆಗೆದುಕೊಳ್ಳಿ, ಸಾಕು.

ಅದಕ್ಕೂ ಮೊದಲು ನಗರಸಭೆಗೆ ಒಂದು ಸಲ ಹೋಗಿ ಬನ್ನಿ. ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಲ ಇದೆ, 2020ರಲ್ಲಿ ಶುರುವಾಗಿದ್ದು. ಮೊದಲ ಸಲ 10,000 ಇತ್ತು, 2025ರಲ್ಲಿ 15,000 ಮಾಡಿದರು. ಸರಿಯಾಗಿ ಕಟ್ಟಿದರೆ ಎರಡನೇ ಸಲ 25,000, ಮೂರನೇ ಸಲ 50,000. ಸಮಯಕ್ಕೆ ಕಟ್ಟಿದವರಿಗೆ ಶೇ 7ರಷ್ಟು ಬಡ್ಡಿ ಸಹಾಯಧನ ಖಾತೆಗೆ ವಾಪಸ್ ಬರುತ್ತೆ. ವ್ಯಾಪಾರಿ ಗುರುತಿನ ಚೀಟಿ ಇಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ. ಬ್ಯಾಂಕಿನಲ್ಲಿ ಮುದ್ರಾ 'ಶಿಶು' ಸಾಲ 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತೆ. ಬ್ಯಾಂಕು ಎರಡು ಮೂರು ಸಲ ಓಡಾಡಿಸುತ್ತೆ, ಅದು ನನಗೂ ಗೊತ್ತು, ಓಡಾಡಿಸಿದವಳೇ ನಾನು. ಹೋಗುವಾಗ 24 ಕಂತು ತುಂಬಿದ ಆ ಸಾಲದ ಕಾರ್ಡನ್ನು ಮರೆಯದೆ ತೆಗೆದುಕೊಂಡು ಹೋಗಿ. ನಿಮ್ಮ ಹತ್ತಿರ ಇರುವ ದೊಡ್ಡ ಜಾಮೀನು ಅದೇ.

ಪ್ರಶ್ನೆ: ಸ್ತ್ರೀಶಕ್ತಿ ಸಂಘ, ಮೈಕ್ರೋ ಫೈನಾನ್ಸ್ ಸಂಘ ಎರಡೂ ಒಂದೇನಾ? ಇದೆಲ್ಲ ಬಾಂಗ್ಲಾದೇಶದಿಂದ ಬಂದಿದ್ದು ಅಂತ ನಮ್ಮ ಲೆಕ್ಚರರ್ ಹೇಳಿದರು.
— ಬಿ.ಕಾಂ ವಿದ್ಯಾರ್ಥಿನಿ, ತುಮಕೂರು

ಉತ್ತರ: ನಿಮ್ಮ ಲೆಕ್ಚರರ್ ಹೇಳಿದ್ದರಲ್ಲಿ ಅರ್ಧ ಸರಿ. ಅಲ್ಲಿನ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ 1976ರಲ್ಲಿ ಚಿತ್ತಗಾಂಗ್ ಹತ್ತಿರದ ಜೋಬ್ರಾ ಅನ್ನೋ ಹಳ್ಳಿಯಲ್ಲಿ 42 ಜನಕ್ಕೆ ಕೈಯಿಂದ 27 ಡಾಲರ್ ಹಂಚಿ ಶುರು ಮಾಡಿದರು. ಬಿದಿರಿನ ಸ್ಟೂಲು ಹೆಣೆಯುವ ಹೆಂಗಸರು ಬಿದಿರನ್ನು ಉದ್ರಿ ತಂದು, ಹೆಣೆದ ಸ್ಟೂಲನ್ನು ಅದೇ ಸಾಹುಕಾರನಿಗೆ ಅವನು ಹೇಳಿದ ರೇಟಿಗೆ ಕೊಡಬೇಕಿತ್ತು. ಮೇಲಿನ ಪುರಿ ಕತೆಯೇ ಅಲ್ವಾ? 2006ರಲ್ಲಿ ಅವರಿಗೂ ಅವರು ಬಾಂಗ್ಲಾದೇಶದಲ್ಲಿ ಕಟ್ಟಿದ 'ಗ್ರಾಮೀಣ ಬ್ಯಾಂಕ್'ಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇವತ್ತಿನ ಮೈಕ್ರೋ ಫೈನಾನ್ಸ್ ಕಂಪನಿಗಳ ಗುಂಪು ಸಾಲ ಆ ದಾರಿಯದ್ದು.

ಸ್ತ್ರೀಶಕ್ತಿಯಂಥ ಸ್ವಸಹಾಯ ಸಂಘದ ಬೇರು ಮಾತ್ರ ಇಲ್ಲೇ ಇದೆ. 1980ರ ದಶಕದಲ್ಲಿ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಗುಂಪು ಕಟ್ಟಿಸಿದರು. ನಮ್ಮ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಅವರು ಕೆಲಸ ಮಾಡಿದ ಜಾಗಗಳಲ್ಲಿ ಒಂದು. 1992ರಲ್ಲಿ ಹಳ್ಳಿ ಸಾಲ ನೋಡಿಕೊಳ್ಳುವ ರಾಷ್ಟ್ರೀಯ ಬ್ಯಾಂಕು ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ನಮ್ಮ ಸರ್ಕಾರದ ಸ್ತ್ರೀಶಕ್ತಿ ಬಂದಿದ್ದು 2000-01ರಲ್ಲಿ. ವ್ಯತ್ಯಾಸ ಸುಲಭ. ಸ್ವಸಹಾಯ ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ, ಬಡ್ಡಿಯ ಒಂದು ಪಾಲು ಸಂಘದಲ್ಲೇ ಉಳಿಯುತ್ತೆ. ಮೈಕ್ರೋ ಫೈನಾನ್ಸ್ ಗುಂಪಿನಲ್ಲಿ ಮೊದಲ ದಿನವೇ ಸಾಲ, ಬಡ್ಡಿ ಪೂರ್ತಿ ಕಂಪನಿಗೆ. ನಮ್ಮ ಕಡೆ ಎರಡಕ್ಕೂ ಜನ 'ಸಂಘ' ಅಂತಲೇ ಅನ್ನೋದು. ಅದಕ್ಕೇ ಗೊಂದಲ.

ಪ್ರಶ್ನೆ: ಆಂಟಿ, ಅಮ್ಮನ ಹೆಸರಲ್ಲಿ 40,000 ಸಾಲ ಸಿಗುತ್ತೆ, ವಾರದ ಕಂತು. ಐದು ಕುರಿಮರಿ ತಂದು ಸಾಕಿ ಯುಗಾದಿ ಹೊಸತೊಡಕಿಗೆ ಮಾರಬೇಕು ಅಂತಿದ್ದೇನೆ. ಲಾಭ ಬರುತ್ತಾ?
— 23 ವರ್ಷದ ಓದುಗ, ಮುಳಬಾಗಿಲು ತಾಲ್ಲೂಕು

ಉತ್ತರ: ಆಂಟಿ ಅಂದಮೇಲೆ ನಾನೂ 'ನೀನು' ಅಂತಲೇ ಬರೆಯುತ್ತೇನಪ್ಪ. ಕುರಿಯಲ್ಲಿ ಲಾಭ ಇದೆ. ಹೊಸತೊಡಕಿನ ಹಿಂದಿನ ದಿನ ಸಂತೆಯಲ್ಲಿ ರೇಟು ಕೇಳಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ತೊಂದರೆ ಇರೋದು ವಾರದ ಕಂತಿನಲ್ಲಿ. ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ.

ಆಗ ಬಂಗಾರಪೇಟೆ ಕಡೆ ಕೆಲಸ. ಬೂದಿಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಸಂಘ. ವಾರಕ್ಕೆ ಹತ್ತು ರೂಪಾಯಿ ಉಳಿತಾಯ, ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದರು. ತಗಡಿನ ಪೆಟ್ಟಿಗೆಗೆ ಮೂರು ಬೀಗ, ಮೂರು ಹೆಂಗಸರ ಹತ್ತಿರ ಮೂರು ಬೀಗದ ಕೈ. ಆ ಸಂಘದಲ್ಲಿ ಒಬ್ಬಾಕೆ ಹುಣಸೆ ವ್ಯಾಪಾರದಲ್ಲಿ ಪಳಗಿದ್ದಳು. ಮರ ನೋಡಿ ಇಷ್ಟು ಮಣ ಬರುತ್ತೆ ಅಂದರೆ ಅಷ್ಟೇ ಬರುತ್ತಿತ್ತು. ಅಲ್ಲಿಯವರೆಗೆ ಬೇರೆಯವರ ಮರದ ಹುಣಸೆಗೆ ಕೂಲಿಗೆ ಹೋಗಿ ಬೀಜ ಬಿಡಿಸುತ್ತಿದ್ದಳು. ಈ ಸಲ ತಾನೇ ಎರಡು ಮರ ಗುತ್ತಿಗೆ ಹಿಡಿಯುತ್ತೇನೆ ಅಂದಳು. ಫೆಬ್ರವರಿಯಲ್ಲಿ ಸಾಲ ಮಂಜೂರು ಮಾಡಿದೆ. ನಮ್ಮ ಅಚ್ಚು ಹಾಕಿದ ಫಾರಂನಲ್ಲಿ ಮುಂದಿನ ತಿಂಗಳಿಂದಲೇ ಕಂತು ಅಂತ ಇತ್ತು. ನಾನು ಯೋಚನೆ ಮಾಡದೆ ಟಿಕ್ ಹಾಕಿದೆ.

ಮಾರ್ಚ್‌ನಲ್ಲಿ ಹೋದರೆ ಅವಳ ಮನೆ ಅಂಗಳದ ತುಂಬ ಹುಣಸೆ. ಅತ್ತೆ, ಮಗಳು, ಅವಳು ಮೂವರೂ ಕೂತು ಕುಟ್ಟಿ ಬೀಜ ತೆಗೆಯುತ್ತಿದ್ದಾರೆ. ಬೆರಳೆಲ್ಲ ಕಂದು ಬಣ್ಣ, ಬಿಸಿಲಿಗೆ ಹುಳಿ ವಾಸನೆ ಮೂಗಿಗೆ ಅಡರುತ್ತೆ. 'ಅಮ್ಮ, ಈಗ ಮಾರಿದರೆ ಏನೂ ಬರಲ್ಲ, ಎಲ್ಲರ ಮನೇಲೂ ಹುಣಸೆ ಇದೆ. ಉಪ್ಪು ಬೆರೆಸಿ ಮಡಕೆಗೆ ತುಂಬಿಟ್ಟರೆ ಮಳೆಗಾಲ ಕಳೆದ ಮೇಲೆ ರೇಟು ಏರುತ್ತೆ' ಅಂದಳು. ನಾನು ಕಂತಿನ ಪುಸ್ತಕ ತೆಗೆದೆ. ಆವತ್ತು ಕಟ್ಟಿದಳು. ಏಪ್ರಿಲ್‌ನಲ್ಲೂ ಕಟ್ಟಿದಳು. ಹೇಗೆ ಅಂತ ಕೇಳಲಿಲ್ಲ. ಜೂನ್ ಹೊತ್ತಿಗೆ ಹೋದಾಗ ಮಡಕೆಗಳು ಖಾಲಿ. ಒಂದೊಂದು ಕಂತಿಗೆ ಒಂದೊಂದು ಮೂಟೆ, ಸುಗ್ಗಿ ರೇಟಿಗೆ ಮಾರಿಬಿಟ್ಟಿದ್ದಳು. ಕೊನೆಯ ಕಂತಿಗೆ ಕೂಲಿ ದುಡ್ಡು. ಬ್ಯಾಂಕಿನ ಪುಸ್ತಕದಲ್ಲಿ ಅದು ನೂರಕ್ಕೆ ನೂರು ವಸೂಲಾದ ಸಾಲ. ನನಗೆ ಮೇಲಿನವರಿಂದ ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಅವಳು ಮಾತ್ರ ಮುಂದಿನ ವರ್ಷ ಮತ್ತೆ ಕೂಲಿಗೇ ಹೋದಳು.

ಕೋಲ್ಕತ್ತದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದ್ದಾರೆ. ಒಂದಷ್ಟು ಜನಕ್ಕೆ ಎರಡು ವಾರದಲ್ಲಿ ಕಂತು ಶುರು, ಇನ್ನಷ್ಟು ಜನಕ್ಕೆ ಎರಡು ತಿಂಗಳು ಬಿಟ್ಟು. ಎರಡು ತಿಂಗಳ ಬಿಡುವು ಸಿಕ್ಕವರು ವ್ಯಾಪಾರಕ್ಕೆ ಜಾಸ್ತಿ ಹಾಕಿದರು, ಮೂರು ವರ್ಷದ ಮೇಲೆ ಅವರ ಲಾಭವೂ ಜಾಸ್ತಿ ಇತ್ತು. ಆದರೆ ಅವರಲ್ಲಿ ಕಟ್ಟದೆ ಉಳಿಸಿಕೊಂಡವರೂ ಜಾಸ್ತಿಯಾದರು. ಕಂಪನಿಗಳು ಬೇಗ ಕಂತು ಕೇಳೋದು ಯಾಕೆ ಅಂತ ಇದರಿಂದ ಗೊತ್ತಾಗುತ್ತೆ.

ನಿನ್ನ ವಿಷಯಕ್ಕೆ ಬರೋಣ. ಕುರಿಮರಿ ಎಂಟು ತಿಂಗಳು ಮೇಯಬೇಕು. ಮೇಯುವ ಕುರಿ ದುಡ್ಡು ಕೊಡಲ್ಲ. ಮೇಲಿನ ಪಾನಿಪುರಿ ಸಾಲದ ಬಡ್ಡಿ, ಅವಧಿಯೇ ಅಂದುಕೊಂಡು ವಾರಕ್ಕೆ ಹೆಚ್ಚುಕಡಿಮೆ 490 ಕಟ್ಟುತ್ತಾ ಹೋದರೆ ಹಬ್ಬದ ಹೊತ್ತಿಗೆ 17,000 ಹತ್ತಿರ ಕೈಯಿಂದ ಹೋಗಿರುತ್ತೆ. ಅದು ಎಲ್ಲಿಂದ ಬರುತ್ತೆ? ಅಮ್ಮನ ಹಾಲಿನ ಬಟವಾಡೆ ಇದ್ದರೆ, ನಿನಗೆ ವಾರದ ಕೂಲಿ ಇದ್ದರೆ ಧೈರ್ಯ ಮಾಡು. ಇಲ್ಲದಿದ್ದರೆ ಮೂರನೇ ತಿಂಗಳಿಗೇ ಒಂದು ಮರಿ ಸಂತೆಗೆ ಹೋಗುತ್ತೆ. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಕುರಿ, ಹಸು ಸಾಕಣೆಗೂ ಇದೆ. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಬ್ಯಾಂಕಿಗೆ ಹೋಗು. ಮಾರಿದ ಮೇಲೆ ಕಟ್ಟುವ ಹಾಗೆ ಕೇಳು. ಅಮ್ಮ ಹಳೇ ಸ್ವಸಹಾಯ ಸಂಘದಲ್ಲಿದ್ದರೆ ಅದು ಇನ್ನೂ ಸಲೀಸು. ಅಲ್ಲಿ ಕಂತಿನ ದಿನ ಸಂಘವೇ ಕೂತು ತೀರ್ಮಾನ ಮಾಡಬಹುದು.

ಪ್ರಶ್ನೆ: ಚಿನ್ನ ಇಟ್ಟವನಿಗೆ ಕಡಿಮೆ ಬಡ್ಡಿ, ಏನೂ ಇಲ್ಲದ ಬಡವನಿಗೆ ಶೇ 24. ಇದು ಯಾವ ನ್ಯಾಯ? ನಮ್ಮ ಕಡೆ ಇನ್ನೊಂದು ಕಂಪನಿ ಶೇ 12 ಫ್ಲಾಟ್ ಅಂತಿದೆ. ಅದಕ್ಕೆ ಹೋಗಬಹುದಾ?
— ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವವರು, ಶಿಡ್ಲಘಟ್ಟ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಹೋಗಬೇಡಿ, ಅಥವಾ ಹೋದರೂ ಅರ್ಧ ಬಡ್ಡಿ ಅಂದುಕೊಂಡು ಹೋಗಬೇಡಿ. 50,000 ಸಾಲ, 24 ತಿಂಗಳು. ಉಳಿದ ಅಸಲಿಗೆ ಮಾತ್ರ ಶೇ 24 ಬಡ್ಡಿ ಹಾಕಿದರೆ ಕಂತು 2,644. ಶೇ 12 ಫ್ಲಾಟ್ ಅಂದರೆ ಪೂರ್ತಿ 50,000ಕ್ಕೆ ಎರಡು ವರ್ಷವೂ ಬಡ್ಡಿ, ಅಸಲು ಎಷ್ಟು ತೀರಿಸಿದ್ದರೂ ಸರಿ. ಒಟ್ಟು ಬಡ್ಡಿ 12,000, ಕಂತು 2,583. ಅರ್ಧ ಅಂದುಕೊಂಡಿದ್ದು ತಿಂಗಳಿಗೆ 61 ರೂಪಾಯಿ ವ್ಯತ್ಯಾಸಕ್ಕೆ ಬಂತು. ನಿಜವಾದ ಬಡ್ಡಿ ಶೇ 21.5ರ ಆಸುಪಾಸು. ಅದರ ಮೇಲೆ ಪ್ರೊಸೆಸಿಂಗ್ ಫೀಸು, ವಿಮೆ ಅಂತ ಮೊದಲೇ ಹಿಡಿದುಕೊಂಡರೆ ಅದೂ ಹೋಯಿತು. 'ಎಷ್ಟು ಪರ್ಸೆಂಟು' ಅಂತ ಕೇಳಬೇಡಿ. 'ಕೈಗೆ ಎಷ್ಟು ಬರುತ್ತೆ, ಒಟ್ಟು ಎಷ್ಟು ಕಟ್ಟಬೇಕು' ಅಂತ ಎರಡೇ ಕೇಳಿ. ಇದನ್ನೆಲ್ಲ ಬರೆದ ಹಾಳೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಇನ್ನು ನ್ಯಾಯ. ಒಂದು ಕೋಟಿಯನ್ನು ಒಬ್ಬನಿಗೆ ಕೊಟ್ಟರೆ ಒಂದು ಫೈಲು. 40,000ದಂತೆ ಕೊಟ್ಟರೆ 250 ಜನ. 24 ತಿಂಗಳಿಗೆ 6,000 ಸಲ ದುಡ್ಡು ಎಣಿಸಬೇಕು, ಬೈಕಿಗೆ ಪೆಟ್ರೋಲು, ಹುಡುಗರಿಗೆ ಸಂಬಳ. ಆ ದುಡ್ಡನ್ನೂ ಕಂಪನಿ ಬ್ಯಾಂಕಿನಿಂದ ಬಡ್ಡಿಗೇ ತಂದಿರುತ್ತೆ. ಹಾಗಾಗಿ ಸಣ್ಣ ಸಾಲ ತುಟ್ಟಿ. ಆದರೆ ಎಲ್ಲ ತುಟ್ಟಿಗೂ ಇದೇ ಕಾರಣ ಅಂತ ನಾನು ಹೇಳಲ್ಲ. 2022ರ ಏಪ್ರಿಲ್‌ನಿಂದ ಬಡ್ಡಿಗೆ ಇದ್ದ ಮಿತಿ ತೆಗೆದು, ಕಂಪನಿಗಳೇ ಗೊತ್ತು ಮಾಡಿಕೊಳ್ಳಲಿ, ಆದರೆ ವಿಪರೀತ ಇರಬಾರದು ಅಂತ ಮಾಡಿದರು. ವಿಪರೀತ ಅಂದರೆ ಎಷ್ಟು ಅನ್ನೋ ಅಂಕಿ ಮಾತ್ರ ಅಲ್ಲಿಲ್ಲ.

ನಮ್ಮ ಭಾಷೆಯಲ್ಲಿ ಶೇ 24 ಅಂದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಿಮ್ಮ ಕೆಲಸಕ್ಕೆ ಅದು ಒಗ್ಗುತ್ತಾ ಅಂತ ಹೀಗೆ ನೋಡಿ. ಬೆಳಿಗ್ಗೆ ಗೂಡು ತಂದು, ಬಿಚ್ಚಿ, ನೂಲು ಮಾರಿ ಎಷ್ಟು ದಿನಕ್ಕೆ ದುಡ್ಡು ವಾಪಸ್ ಕೈಗೆ ಬರುತ್ತೆ? ವಾರದೊಳಗೆ ತಿರುಗಿದರೆ ಒಂದೇ ದುಡ್ಡು ತಿಂಗಳಿಗೆ ನಾಲ್ಕು ಸಲ ದುಡಿಯುತ್ತೆ, ಎರಡು ರೂಪಾಯಿ ಬಡ್ಡಿ ಭಾರ ಆಗಲ್ಲ. ನೂಲಿನ ರೇಟು ಬಿದ್ದು ಮಾಲು ಮನೆಯಲ್ಲೇ ಕೂತರೆ ಅದೇ ಬಡ್ಡಿ ಕುತ್ತಿಗೆಗೆ ಬರುತ್ತೆ. 2009ರಲ್ಲಿ ಕೋಲಾರದಲ್ಲಿ ಕಂತು ಕಟ್ಟೋದನ್ನೇ ಜನ ನಿಲ್ಲಿಸಿದ್ದು ನಿಮಗೂ ನೆನಪಿರಬೇಕು. ಆಂಧ್ರದ ಮೈಕ್ರೋ ಫೈನಾನ್ಸ್ ಗಲಾಟೆ ಆಗಿದ್ದು 2010ರಲ್ಲಿ, ನಮ್ಮದು ಅದಕ್ಕಿಂತ ಒಂದು ವರ್ಷ ಮೊದಲೇ. ರೇಷ್ಮೆ ಕೆಲಸ ಮಂದವಾಗಿತ್ತು, ಒಂದೇ ಮನೆ ಬಾಗಿಲಿಗೆ ಮೂರು ನಾಲ್ಕು ಕಂಪನಿ. ಒಬ್ಬರ ಕಂತಿಗೆ ಇನ್ನೊಬ್ಬರ ಸಾಲ. ಆ ಬೀದಿಗಳಲ್ಲಿ ನಾನೂ ಓಡಾಡಿದ್ದೇನೆ. ಆ ದಿನಗಳಲ್ಲಿ ಯಾರನ್ನೂ 'ಯಾಕೆ ಕಟ್ಟಲ್ಲ' ಅಂತ ಕೇಳುವ ಮುಖ ನನಗಿರಲಿಲ್ಲ.

ಪ್ರಶ್ನೆ: ನಮ್ಮದು ಐದು ಜನರ ಗುಂಪು. ನಾನು ಬಟ್ಟೆ ಹೊಲಿಯುತ್ತೇನೆ, ನನ್ನ ಸಾಲ ಸರಿಯಾಗಿದೆ. ಒಬ್ಬಳು ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೋಗಿಬಿಟ್ಟಿದ್ದಾಳೆ. ಅವಳ 1,850 ಕಂತನ್ನು ನಾವು ನಾಲ್ವರು ಹಾಕಬೇಕಂತೆ. ಹೋಗುವ ಮೊದಲು ಇನ್ನೊಬ್ಬಳ ಹೆಸರಲ್ಲೂ ಅವಳೇ ಸಾಲ ತೆಗೆಸಿಕೊಂಡಿದ್ದಳು.
— ಒಬ್ಬ ಓದುಗರು, ಮಾಲೂರು

ಉತ್ತರ: ಗುಂಪಿನ ಜಾಮೀನಿಗೆ ಸಹಿ ಹಾಕಿದ್ದರೆ ಕಂಪನಿಯವರು ಕೇಳುವುದು ಸಹಜ. ಚಿನ್ನ ಇಲ್ಲ, ಜಮೀನಿಲ್ಲ, ಒಬ್ಬರಿಗೊಬ್ಬರು ಅನ್ನೋ ಮಾತಿನ ಮೇಲೇ ಈ ಸಾಲ ಕೊಟ್ಟಿರುವುದು. ಆದರೆ ಕೇಳುವುದು ಬೇರೆ, ದುಡ್ಡು ಬರೋವರೆಗೆ ಎಲ್ಲರನ್ನೂ ಕೂರಿಸಿಕೊಳ್ಳೋದು ಬೇರೆ. ನಾಲ್ವರೂ ಸೇರಿ ಅವಳು ಊರು ಬಿಟ್ಟ ದಿನ, ಗೊತ್ತಿದ್ದರೆ ಹೊಸ ವಿಳಾಸ ಬರೆದು ಶಾಖೆಗೆ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ನಿಮ್ಮ ಪಾಲಿನ ಕಂತು ಮಾತ್ರ ನಿಲ್ಲಿಸಬೇಡಿ, ನಿಲ್ಲಿಸಿದರೆ ಕ್ರೆಡಿಟ್ ರೆಕಾರ್ಡಿನಲ್ಲಿ ನಿಮ್ಮ ಹೆಸರೂ ಕೆಡುತ್ತೆ.

ಕೊನೆಯ ಸಾಲಿನ ವಿಷಯವೇ ದೊಡ್ಡದು. 'ನಿನ್ನ ಹೆಸರಲ್ಲಿ ತೆಗೆದುಕೊಡಕ್ಕ, ಕಂತು ನಾನು ಕಟ್ತೀನಿ' ಅನ್ನೋದನ್ನು ನಾನು ಕೇಳದ ಹಳ್ಳಿಯೇ ಇಲ್ಲ. ಅಕ್ಕಪಕ್ಕದ ದಾಕ್ಷಿಣ್ಯ, ಇಲ್ಲ ಅನ್ನೋಕೆ ಆಗಲ್ಲ. ಹಾಗೆ ಕೊಟ್ಟಾಕೆಗೆ ಹೇಳಿ: ಕಾಗದದ ಮೇಲೆ ಸಾಲ ಅವಳದ್ದೇ. ಇನ್ನುಮುಂದೆ ಯಾರಾದರೂ ಕೇಳಿದರೆ 'ನಮ್ಮ ಯಜಮಾನರು ಬಿಡಲ್ಲ' ಅಂದುಬಿಡಿ. ಗಂಡಂದಿರಿಂದ ಇಷ್ಟಾದರೂ ಉಪಯೋಗ ಆಗಲಿ.

ಪ್ರಶ್ನೆ: ಕಂತು ಎರಡು ದಿನ ತಡವಾಯಿತು. ರಾತ್ರಿ 8 ಗಂಟೆಗೆ ಬಂದು ಬಾಗಿಲಲ್ಲಿ ಕೂತಿದ್ದಾರೆ. ಹೊಸ ಕಾನೂನು ಬಂದಿದೆಯಲ್ಲ, ಸಾಲ ಕಟ್ಟಬೇಕಾಗಿಲ್ಲ ಅಂತಾರೆ, ನಿಜಾನಾ?
— ಒಬ್ಬ ಓದುಗರು, ಶ್ರೀನಿವಾಸಪುರ

ಉತ್ತರ: ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಬರುವ ಹಾಗಿಲ್ಲ. ಬೈಗುಳ, ಬೆದರಿಕೆ, ನೆಂಟರ ಮನೆಗೆ ಹೋಗಿ ಮಾನ ಕಳೆಯುವುದು ಯಾವುದೂ ಇಲ್ಲ. ಇದು ರಿಸರ್ವ್ ಬ್ಯಾಂಕ್ ನಿಯಮ. ಮೊದಲು ಕಂಪನಿಯ ದೂರು ನಂಬರಿಗೆ ಹೇಳಿ, ಅದು ಸಾಲದ ಕಾರ್ಡಿನ ಮೇಲೇ ಇರುತ್ತೆ. ಆಗದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ. ಹೆದರಿಕೆ ಹುಟ್ಟಿಸಿದರೆ ನೇರ ಪೊಲೀಸ್ ಠಾಣೆಗೆ ಹೋಗಿ. 2025ರಲ್ಲಿ ನಮ್ಮ ರಾಜ್ಯ ತಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಲೈಸೆನ್ಸು, ನೋಂದಣಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವವರ ಮೇಲೆ ಅದರ ಕಣ್ಣು ಜಾಸ್ತಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಅದರಿಂದ ಮನ್ನಾ ಆಗಲ್ಲ. ಯಾರೋ ಹೇಳಿದರು ಅಂತ ನಿಲ್ಲಿಸಬೇಡಿ.

ಇನ್ನೊಂದು. ಎಲ್ಲ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಅಂತಲೂ ನಿಯಮ ಇದೆ. ನಿಮ್ಮದು ದಾಟಿದೆಯಾ ನೋಡಿ. ದಾಟಿದ್ದರೆ ಮನೆಯ ಆದಾಯ ಎಷ್ಟು ಅಂತ ಅರ್ಜಿಯಲ್ಲಿ ಬರೆದವರು ಯಾರು ಅಂತಲೂ ನೋಡಿ.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳ್ತೀರಲ್ಲ ಮೇಡಂ, ನೀವು ಯಾವತ್ತಾದರೂ ಕೈಬಡ್ಡಿಗೆ ಸಾಲ ಮಾಡಿದ್ದೀರಾ?
— ತುಂಟ ಓದುಗ, ಚಿಂತಾಮಣಿ

ಉತ್ತರ: ಮಾಡಿದ್ದೀನಪ್ಪ. 1994ರಲ್ಲಿ ಅಪ್ಪನಿಗೆ ಆಪರೇಷನ್. ಬ್ಯಾಂಕಿನಲ್ಲಿ ಸಿಬ್ಬಂದಿ ಸಾಲಕ್ಕೆ ಅರ್ಜಿ ಹಾಕಿದ್ದೆ, ಮಂಜೂರಾಗೋಕೆ ಹದಿನೈದು ದಿನ. ಆಸ್ಪತ್ರೆಯವರು ಹದಿನೈದು ದಿನ ಕಾಯ್ತಾರಾ? ನಮ್ಮ ಬೀದಿಯಲ್ಲಿ ಕಂತಿನ ಮೇಲೆ ಸೀರೆ ಮಾರುವ ಒಬ್ಬರು ಅಜ್ಜಿ ಇದ್ದರು. ರಾತ್ರಿ ಅವರ ಮನೆ ಬಾಗಿಲು ತಟ್ಟಿದೆ. ಕಾಗದ ಇಲ್ಲ, ಜಾಮೀನಿಲ್ಲ. ಅಕ್ಕಿ ಡಬ್ಬದೊಳಗಿಂದ 5,000 ತೆಗೆದು ಕೊಟ್ಟರು. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಬ್ಯಾಂಕಿನವಳು ಅಂತ ನಾಲ್ಕಾಣೆಯೂ ಬಿಡಲಿಲ್ಲ. ಐದು ತಿಂಗಳಲ್ಲಿ ತೀರಿಸಿದೆ. ಕೊನೆಯ ಕಂತು ಕೊಟ್ಟ ದಿನ ದುಡ್ಡನ್ನು ಎರಡು ಸಲ ಎಣಿಸಿ, ಸೆರಗಿಗೆ ಕಟ್ಟಿಕೊಂಡು, ಕಾಫಿ ಕೊಟ್ಟು, ಮೆಲ್ಲಗೆ ಕೇಳಿದರು: 'ಅಮ್ಮಣ್ಣಿ, ನಮ್ಮ ಸೊಸೆ ಹೊಲಿಗೆ ಮಿಷಿನ್ ತಗೋಬೇಕು ಅಂತಾಳೆ. ನಿಮ್ಮ ಬ್ಯಾಂಕಲ್ಲಿ ಕಡಿಮೆ ಬಡ್ಡಿಗೆ ಸಿಗುತ್ತಾ?'